ನೀರಿಗೆ ಹೋದ ಅಕ್ಕ

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಹೋದ ತಿಂಗಳು ಇಳಿದಾಗ ಗೋಡೆಯ ಬದಿಯಲ್ಲಿ ಒಬ್ಬ ಯಾವುದೋ ಕೋಚಿಂಗ್ ಕ್ಲಾಸಿನ ಪೋಸ್ಟರು ಅಂಟಿಸುತ್ತಿದ್ದ. ಕಾಲ ಬಳಿ ಬಕೆಟ್ಟು, ಅದರಲ್ಲಿ ಬಿಸಿ ಆರದ ಮೈದಾ ಗೋಂದು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತಲ್ಲೇ ನಿಂತಿತು. ಹಿಂದಿನಿಂದ ಒಬ್ಬಳು ಹುಡುಗಿ, "ಆಂಟಿ, ಸ್ವಲ್ಪ ಜಾಗ ಬಿಡಿ" ಎಂದಳು. ಬಿಟ್ಟೆ. ಇಷ್ಟು ವಯಸ್ಸಾದ ಮೇಲೂ ಮೈದಾ ಗೋಂದಿಗೆ ಹೆದರುವ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಪಾಕಿಸ್ತಾನದ ಜೊತೆ ಯುದ್ಧವಾದ ಅರವತ್ತೈದನೇ ಇಸವಿ. ನಾವಿದ್ದದ್ದು ದೂರದ ಜೋಧಪುರದಲ್ಲಿ. ಸ್ಟೇಷನ್ನಿನ ಹೊರಗೆ ಅಪ್ಪನದೊಂದು ಇಡ್ಲಿ ಕ್ಯಾಂಟೀನು. ನನಗೆ ಏಳು ವರ್ಷ, ತಮ್ಮ ಗೋಪಿಗೆ ನಾಲ್ಕು ತುಂಬಿರಲಿಲ್ಲ. ವಿಮಾನಗಳು ಬರತೊಡಗಿದ ಮೇಲೆ ಕಿಟಕಿಯ ಗಾಜಿಗೆಲ್ಲ ಕಾಗದ ಅಂಟಿಸಬೇಕೆಂದು ಸರಕಾರದವರು ಸಾರಿ ಹೋದರು. ಅಕ್ಕ ಮೈದಾ ಕುದಿಸಿ, ಕೈಯಿಂದಲೇ ಬಳಿದು, ಹಳೆಯ ಪೇಪರುಗಳನ್ನು ಒಂದೊಂದಾಗಿ ಅಂಟಿಸಿದಳು. ಹಗಲಿನಲ್ಲೇ ಮನೆ ಕತ್ತಲಾಯಿತು. ಸೈರನ್ ಕೂಗಿದಾಗ ಆ ಗೋಂದಿನ ಕೈಯಲ್ಲೇ ಅವಳು ನಮ್ಮಿಬ್ಬರನ್ನೂ ಮಂಚದ ಅಡಿಗೆ ಎಳೆದುಕೊಳ್ಳುತ್ತಿದ್ದಳು.

ಈಗಲೇ ಒಂದು ಮಾತು ಹೇಳಿಬಿಡುತ್ತೇನೆ. ಅಕ್ಕ ಎಂದರೆ ನಮ್ಮನ್ನು ಹೆತ್ತ ತಾಯಿ. ಕ್ಯಾಂಟೀನಿನ ಹುಡುಗರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಅದನ್ನೇ ಕೇಳಿಕೊಂಡು ಬೆಳೆದ ನಾವೂ ಹಾಗೇ ಕರೆದೆವು, ಯಾರೂ ತಿದ್ದಲಿಲ್ಲ. ಮನೆಯಲ್ಲಿ 'ಅಮ್ಮ' ಎನ್ನಿಸಿಕೊಂಡವರು ಅಪ್ಪನ ತಾಯಿ, ನಮ್ಮ ಅಜ್ಜಿ. ಅಪ್ಪ ಅವರನ್ನು ಅಮ್ಮ ಎನ್ನುತ್ತಿದ್ದರು, ನಮಗೂ ಅವರು ಅಮ್ಮನೇ. ಯುದ್ಧದ ಹಿಂದಿನ ವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಇಷ್ಟೇ ಸಂಗತಿ. ಇಷ್ಟು ಸಣ್ಣ ಸಂಗತಿ ಎರಡು ಮಕ್ಕಳ ಕುತ್ತಿಗೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು ಹೇಳಿ.

ಬಾಂಬು ಹತ್ತಿರ ಬಿದ್ದ ಮಾರನೆಯ ದಿನ ಅಪ್ಪ ನಮ್ಮ ಮೂವರನ್ನು ಊರಿಗೆ ಹೊರಡಿಸಿದರು. ಊರೆಂದರೆ ಅಕ್ಕನ ತವರು. ನನಗೆ ಗೊತ್ತಿದ್ದದ್ದು ಅವಳು ಹೇಳುತ್ತಿದ್ದ ಒಂದೇ ಮಾತು: "ಘಾಟಿ ಇಳಿದ ಕೂಡಲೇ ನಮ್ಮ ಹೊಸಮನೆ." ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆ ಒಂದು ದೊಡ್ಡ ಜಂಕ್ಷನ್ನಿನಲ್ಲಿ ಗಾಡಿ ನಿಂತಿತು. ಗೋಪಿ ನೀರು ನೀರು ಎಂದು ಅಳುತ್ತಿದ್ದ. ಅಕ್ಕ ಕೂಜ ಹಿಡಿದು ಇಳಿಯುತ್ತ, "ಸರೂ, ಇವನ ಕೈ ಬಿಡಬೇಡ, ಈಗ ಬಂದೆ" ಎಂದಳು. ನಲ್ಲಿಯ ಹತ್ತಿರ ಜನರ ಗುಂಪಿನಲ್ಲಿ ಅವಳ ಹಸಿರು ಸೀರೆ ಕಾಣುತ್ತಿತ್ತು. ಅಷ್ಟರಲ್ಲಿ ಸೈರನ್ ಕೂಗಿತು. ದೀಪಗಳೆಲ್ಲ ಒಮ್ಮೆಲೇ ಆರಿದವು. ಗಾಡಿ ಸೀಟಿ ಕೂಡ ಹಾಕದೆ ಹೊರಟಿತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಗೋಪಿಯ ಕೈ ಹಿಡಿದದ್ದು ಮಾತ್ರ ನೆನಪಿದೆ. ಅವನ ಬೆರಳು ಕೆಂಪಾಗುವಷ್ಟು ಹಿಡಿದಿದ್ದೆ.

ಅದೇ ಡಬ್ಬಿಯಲ್ಲಿ ಬಾಬಣ್ಣ ಇದ್ದರು. ಹೋಟೆಲಿನ ಅಡುಗೆಯವರು, ಯುದ್ಧದಿಂದ ಹೋಟೆಲು ಮುಚ್ಚಿದ ಕಾರಣ ಮೂಡುಬಿದಿರೆಗೆ ಹೊರಟಿದ್ದವರು. ಆ ಹಿಂದಿಯ ಗದ್ದಲದಲ್ಲಿ ನಾನು ತುಳುವಿನಲ್ಲಿ ಅಳುವುದು ಅವರ ಕಿವಿಗೆ ಬಿತ್ತು. ಜನರನ್ನು ತಳ್ಳಿಕೊಂಡು ಬಂದು ಕುಕ್ಕರಗಾಲಲ್ಲಿ ಕುಳಿತು, ಏನಾಯಿತೆಂದು ಕೇಳಿದರು.

"ಅಕ್ಕ ನೀರ್‌ಗ್ ಪೋಯಲ್" ಎಂದೆ. ಅಕ್ಕ ನೀರಿಗೆ ಹೋದಳು.

"ಅಮ್ಮ ಎಲ್ಲಿ?"

"ಅಮ್ಮ ಸತ್ತು ಹೋದರು."

ಬಾಬಣ್ಣನ ಕಣ್ಣಲ್ಲಿ ನೀರು ಬಂತು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಅವರು ನಮ್ಮನ್ನು ಇಳಿಸಿಕೊಂಡು ಮಾಸ್ತರರಲ್ಲಿ ಹೇಳಿದರು. ಮಾರನೆಯ ಸಂಜೆಯವರೆಗೆ ಅಲ್ಲೇ ಕಾದೆವು. ಬಂದ ಒಂದೊಂದು ಗಾಡಿಯಲ್ಲೂ ಬಾಬಣ್ಣ "ಸಣ್ಣ ಪ್ರಾಯದ ಹುಡುಗಿ, ಹಸಿರು ಬಟ್ಟೆ" ಎಂದು ವಿಚಾರಿಸಿದರು. ನಡುವೆ ಮತ್ತೆ ಸೈರನ್. ಇನ್ನು ಇಲ್ಲಿ ನಿಂತರೆ ಮೂವರೂ ಸಾಯುತ್ತೇವೆಂದು ಕೊನೆಗೆ ನಮ್ಮನ್ನು ಕರೆದುಕೊಂಡು ಹೊರಟರು. ಮುಂಬಯಿ, ಹುಬ್ಬಳ್ಳಿ, ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ಅವರು ನನ್ನನ್ನು ಸಮಾಧಾನ ಮಾಡಿದ್ದು ಒಂದೇ ಗಾದೆಯಿಂದ: "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಮಗಾ?" ಪಾಪ, ಧೈರ್ಯಕ್ಕೆ ಹೇಳಿದ್ದು. ನೀರು ಎಂಬ ಶಬ್ದ ಕೇಳಿದರೆ ನಾನು ಗೋಪಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದೆ.

ಮೂಡುಬಿದಿರೆಯಲ್ಲಿ ಬಾಬಣ್ಣನ ಮನೆ ಬಸದಿಗಳ ಬೀದಿಯಿಂದ ಕೆಳಗೆ ಇಳಿಯುವ ಓಣಿಯಲ್ಲಿತ್ತು. ಅಲ್ಲಿ ಅವರ ತಂಗಿ ಒಬ್ಬರೇ ಬೀಡಿ ಕಟ್ಟಿಕೊಂಡು ಇದ್ದರು. ಹೆಸರು ದೇಜು, ಊರಿಗೆಲ್ಲ ದೇಜಕ್ಕ. ಹೆತ್ತ ಮಕ್ಕಳು ಉಳಿದಿರಲಿಲ್ಲ, ಆ ಕಾರಣಕ್ಕೇ ಗಂಡ ಬಿಟ್ಟು ಹೋಗಿದ್ದ. ಬಾಯಿ ಮಾತ್ರ ಜೋರು. ನಮ್ಮನ್ನು ಕಂಡದ್ದೇ, "ಅಣ್ಣ, ಘಟ್ಟದ ಆಚೆಯಿಂದ ಎಲ್ಲರೂ ಸೀರೆ ತರ್ತಾರೆ, ನೀನು ಎರಡು ಮಕ್ಕಳನ್ನು ತಂದಿದ್ದೀಯಲ್ಲ ಮಾರಾಯ!" ಎಂದರು. ಆಮೇಲೆ ಗಂಜಿ ಬಡಿಸಿದರು. ಗೋಪಿ ತಿನ್ನುವುದನ್ನು ನೋಡಿ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನನ್ನನ್ನು ಅಕ್ಕ ಅಂತ ಕರೆಯಿರಿ, ಆಯ್ತಾ?"

"ಇಲ್ಲ" ಎಂದೆ.

"ಯಾಕೆ?"

"ನೀವು ಅಕ್ಕ ಅಲ್ಲ."

"ಅಬ್ಬಾ ಇವಳ ಬಾಯಿಯೇ!" ಎಂದರು ದೇಜಕ್ಕ. ನನ್ನ ಬಾಯಿ ಆಗಲೂ ಹೀಗೇ ಇತ್ತು.

ಮಳೆ ಹೋಗುತ್ತಾ ಬರುತ್ತಾ ಇದ್ದ ದಿನಗಳು. ಬಜ್ಪೆಗೆ ಹೋಗುವ ವಿಮಾನ ಮೂಡುಬಿದಿರೆಯ ಮೇಲಿಂದ ಹಾದುಹೋಗುತ್ತಿತ್ತು. ಶಬ್ದ ಕೇಳಿದ ಕೂಡಲೇ ಓಣಿಯ ಮಕ್ಕಳೆಲ್ಲ ಅಂಗಳಕ್ಕೆ ಓಡಿ ಆಕಾಶಕ್ಕೆ ಕೈ ಬೀಸುತ್ತಿದ್ದರು. ನಾವಿಬ್ಬರು ಒಳಗೆ ಓಡುತ್ತಿದ್ದೆವು. ಅಲ್ಲಿ ಮಂಚವಿರಲಿಲ್ಲ, ದೇಜಕ್ಕನ ಬೀಡಿ ಎಲೆಯ ಮೂಟೆಗಳ ಹಿಂದೆ ಗೋಪಿಯನ್ನು ಅದುಮಿ ಹಿಡಿದು ಕುಳಿತುಕೊಳ್ಳುತ್ತಿದ್ದೆ. ಅವನು ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದ. ಮೊದಲ ದಿನ ಮಕ್ಕಳು ನಕ್ಕರು. ದೇಜಕ್ಕ ಕಸ ಗುಡಿಸುವ ಹಿಡಿಸೂಡಿ ತೆಗೆದುಕೊಂಡು ಹೊರಗೆ ಹೋದ ಮೇಲೆ ಯಾರೂ ನಗಲಿಲ್ಲ.

ಹುಡುಕಾಟವೇನೋ ನಡೆದೇ ಇತ್ತು. ಅಪ್ಪನಿಗೆ ಬಾಬಣ್ಣ ಕಾರ್ಡು ಹಾಕಿದರು, ಉತ್ತರವಿಲ್ಲ. ಇನ್ನು ಉಳಿದದ್ದು ಹೊಸಮನೆ; ಘಾಟಿಯ ಮಾತು ನನಗೆ ಆಗ ನೆನಪಿಗೆ ಬರಲಿಲ್ಲ. ನಮ್ಮ ಕಡೆ ಹೊಸಮನೆ ಇಲ್ಲದ ಗ್ರಾಮವುಂಟೇ? ಅಜ್ಜನ ಅಜ್ಜ ಕಟ್ಟಿ, ಗೋಡೆ ಬಿದ್ದು ಹೋದ ಮನೆಯೂ ಹೊಸಮನೆಯೇ. ಬಂಟ್ವಾಳದ ಬದಿಯಲ್ಲಿ ಒಂದು ಹೊಸಮನೆಯವರ ಹುಡುಗಿ ಉತ್ತರದಲ್ಲೆಲ್ಲೋ ಇದ್ದಾಳೆಂದು ಕೇಳಿ ಬಾಬಣ್ಣ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಬಸ್ಸಿನಿಂದ ಇಳಿದು ಹೊಳೆಯ ಬದಿಯಲ್ಲಿ ನಡೆಯುತ್ತಿದ್ದಾಗ ಹೆಂಚಿನ ಕಾರ್ಖಾನೆಯ ಸೈರನ್ ಕೂಗಿತು. ಕೆಲಸದವರ ಊಟದ ಹೊತ್ತಂತೆ. ನಮಗೇನು ಗೊತ್ತು? ಗೋಪಿ ಕೈ ಕೊಸರಿಕೊಂಡು, ಹೆಂಚು ತುಂಬಿ ನಿಂತಿದ್ದ ಎತ್ತಿನ ಗಾಡಿಯ ಅಡಿಗೆ ನುಗ್ಗಿದ. ಎತ್ತು ಬೆದರಿತು, ಚಕ್ರ ಅಲುಗಿತು. ಗಾಡಿಯವನು ನೊಗಕ್ಕೆ ಜೋತುಬಿದ್ದು ತಡೆಯದಿದ್ದರೆ ನನ್ನ ತಮ್ಮ ಅಲ್ಲೇ ಮುಗಿಯುತ್ತಿದ್ದ. ಅವನ ಕೈ ಬಿಟ್ಟೆನಲ್ಲ ಎಂದು ಮತ್ತೆ ಹಿಡಿದವಳು ಆ ಮನೆಯವರೆಗೂ ಬಿಡಲಿಲ್ಲ. ಆ ಹೊಸಮನೆಯ ಮುದುಕಿ ನಮ್ಮ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ನಮ್ಮದಲ್ಲ" ಎಂದಳು. ಒಂದೊಂದು ಬಾಳೆಹಣ್ಣು ಕೊಟ್ಟು ಕಳುಹಿಸಿದಳು.

ಬಾಬಣ್ಣ ಮತ್ತೆ ಮತ್ತೆ ಕೇಳುತ್ತಿದ್ದರು, "ಅಕ್ಕನ ಹೆಸರೇನು ಮಗಾ?" ಅಕ್ಕನಿಗೆ ಬೇರೆ ಹೆಸರಿರುತ್ತದೆಯೇ? ಅಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಅಮ್ಮ ಅವಳನ್ನು ಪೊಣ್ಣೇ ಅಂತ ಕರೆಯುತ್ತಿದ್ದರು" ಎಂದೆ. ಪೊಣ್ಣು ಎಂದರೆ ಹುಡುಗಿ. ಅಲ್ಲಿಗೆ ಅಕ್ಕ ಹದಿನೈದು ಹದಿನಾರರ ಹುಡುಗಿಯೆಂದು ಎಲ್ಲರಿಗೂ ಗಟ್ಟಿಯಾಯಿತು. ಯಾರಾದರೂ ಒಬ್ಬರು ನಮ್ಮ ಮನೆಮಾತಿನಲ್ಲಿ "ಅಪ್ಪೆ" ಎಂದು ಕೇಳಿದ್ದರೆ, ಹೆತ್ತವಳೆಂಬುದು ನನಗೆ ಹೊಳೆಯುತ್ತಿತ್ತೋ ಏನೋ. ಪರವೂರಿನ ಮಕ್ಕಳೆಂದು ನಾಜೂಕಾಗಿ ಅಮ್ಮ, ತಾಯಿ ಎಂದೇ ಎಲ್ಲರೂ ಕೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ ಹಾಗೆ, ನಾನು ಹೇಳಿದ್ದನ್ನು ಹಿಡಿದುಕೊಂಡು ಊರಿಡೀ ಒಬ್ಬ ಹುಡುಗಿಯನ್ನು ಹುಡುಕಿತು.

ಹಾಗಿರುವಾಗ ಒಂದು ಮಧ್ಯಾಹ್ನ ಹಮ್ಮಬ್ಬ ಬಂದರು. ಬೆಳ್ತಂಗಡಿ ಬಸ್ಸಿನ ಕಂಡಕ್ಟರು. ಫೋನಿಲ್ಲದ ಆ ಕಾಲದಲ್ಲಿ ಸಾವಿನ ಸುದ್ದಿ, ಹೆರಿಗೆಯ ಸುದ್ದಿ ಎಲ್ಲ ಅವರ ಬಾಯಿಂದಲೇ ತಲುಪುತ್ತಿದ್ದದ್ದು. ನಮ್ಮ ಸುದ್ದಿಯನ್ನೂ ಬಾಬಣ್ಣ ಅವರಿಗೆ ಕೊಟ್ಟಿದ್ದರು.

"ಬಾಬಣ್ಣ, ಘಾಟಿ ಬಸ್ಸಿನವರು ಒಂದು ವಿಷಯ ಹೇಳಿದರು. ಕಕ್ಕಿಂಜೆಯಲ್ಲಿ ಒಬ್ಬಳು ಹೆಂಗಸು ಉಂಟಂತೆ. ಮಕ್ಕಳನ್ನು ಕಳೆದುಕೊಂಡ ತಾಯಿ. ಬರುವ ಬಸ್ಸಿಗೆಲ್ಲ ಅಡ್ಡ ನಿಲ್ತಾಳೆ. ತಲೆ ಸ್ವಲ್ಪ ಕೆಟ್ಟಿದೆ ಅಂತ ಜನ ಹೇಳ್ತಾರೆ."

"ತಾಯಿ ಅಲ್ವಾ? ಈ ಮಕ್ಕಳ ತಾಯಿ ತೀರಿ ವರ್ಷ ಆಯ್ತು ಮಾರಾಯ. ಇವರಿಗೆ ಬೇಕಾದದ್ದು ಅಕ್ಕ."

"ಹಾಗಾದರೆ ಅದು ಬೇರೆ ಯಾರೋ, ಪಾಪ."

"ತಲೆ ಕೆಟ್ಟವಳ ಹತ್ತಿರ ಕರೆದುಕೊಂಡು ಹೋದರೆ ಯಾರ ಮಕ್ಕಳನ್ನಾದರೂ ನನ್ನದು ಅಂತ ಹಿಡಿದುಕೊಂಡಾಳು. ಬೇಡಪ್ಪ."

ಬಾಗಿಲ ಹಿಂದೆ ನಿಂತು ನಾನು ಎಲ್ಲವನ್ನೂ ಕೇಳಿದೆ. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. ಅಂದಿನಿಂದ ಬಸ್ಸಿನ ಹಾರನ್ ಕೇಳಿದರೆ ಸಾಕು, ಗೋಪಿಯನ್ನು ಎಳೆದುಕೊಂಡು ಮೂಟೆಗಳ ಹಿಂದೆ ಹೋಗುತ್ತಿದ್ದೆ. ಕಕ್ಕಿಂಜೆಯ ಹುಚ್ಚಿ ಆ ಬಸ್ಸಿನಲ್ಲಿ ಬಂದಿದ್ದಾಳೆ, ನಮ್ಮನ್ನು ಗೋಣಿಯಲ್ಲಿ ತುಂಬಿಸುತ್ತಾಳೆ ಎಂದು ಅವನಿಗೂ ಹೇಳಿಕೊಟ್ಟೆ. ಹೆತ್ತ ತಾಯಿಗೆ ಹೆದರಿ ನಾನು ಅಡಗಿ ಕುಳಿತದ್ದು ಹೀಗೆ.

ನವರಾತ್ರಿ ಹತ್ತಿರ ಬಂತು. ಯುದ್ಧ ನಿಂತಿತೆಂದು ಜನ ಹೇಳುತ್ತಿದ್ದರು. ಹಬ್ಬ ಮುಗಿದ ಮೇಲೆ ಬಾಬಣ್ಣ ಕೆಲಸಕ್ಕೆ ಹಿಂದಿರುಗಬೇಕಿತ್ತು. ಅಷ್ಟರೊಳಗೆ ನಮ್ಮದೊಂದು ತೀರ್ಮಾನವಾಗಬೇಕು. ಜಗಲಿಯಲ್ಲಿ ಕುಳಿತು ಅಣ್ಣ ತಂಗಿ ಮಾತಾಡುವುದು ಕಿವಿಗೆ ಬಿತ್ತು.

"ಹುಡುಗನನ್ನು ನಾನು ಸಾಕ್ತೇನೆ" ಎಂದರು ದೇಜಕ್ಕ.

"ಹುಡುಗಿ?"

"ಇಬ್ಬರಿಗೆ ಹಾಕುವಷ್ಟು ನನ್ನ ಬೀಡಿಯಲ್ಲಿ ಎಲ್ಲಿ ಉಂಟು ಅಣ್ಣ?"

"ಮಂಗಳೂರಿನಲ್ಲಿ ಅನಾಥಾಲಯ ಉಂಟು. ಅಲ್ಲಿ ಬಿಡುವ. ಶಾಲೆಗಾದರೂ ಕಳಿಸ್ತಾರೆ."

ಗೋಪಿ ಒಂದು ಕಡೆ, ನಾನೊಂದು ಕಡೆ! ಕೈ ಬಿಡಬೇಡ ಎಂದು ಅಕ್ಕ ಹೇಳಿಹೋಗಿದ್ದಳು. ಅವಳು ಬಂದು ಕೇಳಿದರೆ ಏನೆಂದು ಹೇಳಲಿ? ಆಮೇಲೆ ನನ್ನ ಲಂಗದ ಲಾಡಿ ಬಿಚ್ಚಿ, ಅವನ ಮಣಿಕಟ್ಟನ್ನು ನನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗಲು ಶುರು ಮಾಡಿದೆ.

ಇದಕ್ಕಿಂತ ದೊಡ್ಡ ಹೆದರಿಕೆ ಗೋಪಿಯ ಕಡೆಯಿಂದಲೇ ಬಂತು. ಅವನು ಮರೆಯುತ್ತಿದ್ದ. ಒಂದು ದಿನ ಅನ್ನಕ್ಕೆ ಕುಳಿತವನು ದೇಜಕ್ಕನನ್ನು ನೋಡಿ, "ಅಕ್ಕ, ಉಪ್ಪಿನಕಾಯಿ" ಎಂದ. ನಾನು ಅವನ ತೊಡೆಯನ್ನು ಚಿವುಟಿದೆ. ಅತ್ತ. ಮರುದಿನ ಮತ್ತೆ ಅಕ್ಕ ಎಂದ. ದೇಜಕ್ಕನ ಮುಖದಲ್ಲಿ ಅರಳಿದ ಸಂತೋಷ ನೋಡಿ ನನಗೆ ಮೈಯೆಲ್ಲ ಉರಿಯಿತು. ಅವರನ್ನು ಕಂಡರೆ ಆಗುತ್ತಿರಲಿಲ್ಲ, ಅವರು ಕೊಟ್ಟ ಗಂಜಿ ಮಾತ್ರ ಬೇಕಿತ್ತು.

ಹಬ್ಬದ ಹುಲಿವೇಷದ ತಾಸೆ ಬೀದಿಯಲ್ಲಿ ಬಡಿಯುತ್ತಿದ್ದ ಒಂದು ಮಧ್ಯಾಹ್ನ. ಗೋಪಿಗೆ ಜ್ವರ. ಬಾಬಣ್ಣ ಪೇಟೆಗೆ ಹೋಗಿದ್ದರು. ದೇಜಕ್ಕ ಬೀಡಿಯ ಮೊರ ಬದಿಗೆ ಸರಿಸಿ ಅವನನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದರು. ಜ್ವರದ ಮಂಪರಿನಲ್ಲಿ ಅವನು ಅವರ ಸೆರಗಿನೊಳಗೆ ಕೈ ಹಾಕಿ, ರವಕೆ ಎಳೆಯುತ್ತಾ, "ಅಕ್ಕ... ಮೊಲೆ... ಅಕ್ಕ" ಎಂದು ಮುಲುಗಿದ. ಜೋಧಪುರದಲ್ಲಿ ಮಂಚದಡಿಯಲ್ಲಿ ಅವನನ್ನು ಸುಮ್ಮನಿರಿಸಲು ಅಕ್ಕ ಹಾಗೆ ಮಾಡುತ್ತಿದ್ದಳು. ಬಿಡಿಸಿದ ಹಾಲನ್ನು ಯುದ್ಧ ಮತ್ತೆ ಅಭ್ಯಾಸ ಮಾಡಿಸಿತ್ತು.

ದೇಜಕ್ಕ ಅವನ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಸರೂ, ಯಾರಾದರೂ ಅಕ್ಕನ ಹತ್ತಿರ ಮೊಲೆ ಕೇಳ್ತಾರಾ?"

"ಮತ್ತೆ ಯಾರ ಹತ್ತಿರ ಕೇಳುವುದು?" ಎಂದೆ.

"ನಿಮ್ಮ ಅಕ್ಕನಿಗೆ ಮದುವೆ ಆಗಿದೆಯಾ?"

"ಹೂಂ."

"ಯಾರ ಜೊತೆ?"

"ಅಪ್ಪನ ಜೊತೆ."

ದೇಜಕ್ಕ ಗೋಪಿಯ ಮುಖವನ್ನೊಮ್ಮೆ ನೋಡಿದರು. "ಇವನನ್ನು ಹೆತ್ತದ್ದು?" ಎಂದರು.

"ಅಕ್ಕ."

"ಅಯ್ಯೋ ನನ್ನ ಕರ್ಮವೇ!" ಎಂದು ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ಮಕ್ಕಳೇ! ಅಯ್ಯೋ ಆ ಹೆಂಗಸೇ!"

ಆ ಮಾತು ಕೇಳಿದವಳು ನಾನೊಬ್ಬಳೇ, ನನಗೆ ಅದರ ತಲೆ ಬುಡ ತಿಳಿದಿರಲಿಲ್ಲ. ಅವರು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಇನ್ನು ಸ್ವಲ್ಪ ದಿನದಲ್ಲಿ ನಾನು ಮಂಗಳೂರಿಗೆ, ಗೋಪಿ ಅವರ ಮಡಿಲಿಗೆ. ಅವನು ಆಗಲೇ ಅವರನ್ನು ಅಕ್ಕ ಎನ್ನುತ್ತಿದ್ದ, ಅಂದರೆ ಅವನ ಲೆಕ್ಕದಲ್ಲಿ ತಾಯಿ. ಹೆತ್ತದ್ದೆಲ್ಲ ಮಣ್ಣಿಗೆ ಹೋದ ಹೆಂಗಸಿಗೆ ಆ ಆಸೆ ಹುಟ್ಟದೆ ಇದ್ದೀತೇ? ಆದರೆ ಬಾಬಣ್ಣ ಅಂಗಳಕ್ಕೆ ಕಾಲಿಡುವ ಮೊದಲೇ ಅವರು ಒಳಗಿಂದ ಕೂಗಿ ಹೇಳಿದರು: "ಅಣ್ಣ, ಕಕ್ಕಿಂಜೆಯವಳಿಗೆ ತಲೆ ಕೆಟ್ಟದ್ದಲ್ಲ. ತಲೆ ಕೆಟ್ಟದ್ದು ನಮಗೆ!"

ಜ್ವರ ಇಳಿಯಲೆಂದು ಒಂದು ದಿನ ಕಾದರು. ಆ ದಿನವಿಡೀ ಗೋಪಿಯನ್ನು ನೆಲಕ್ಕೆ ಇಳಿಸಲಿಲ್ಲ.

ಬಾಬಣ್ಣನನ್ನು ಮನೆಯಲ್ಲೇ ಬಿಟ್ಟು ದೇಜಕ್ಕನೇ ನಮ್ಮನ್ನು ಕರೆದುಕೊಂಡು ಹೊರಟರು. ಹಮ್ಮಬ್ಬ ನಮ್ಮನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಬೆಳ್ತಂಗಡಿಯಲ್ಲಿ ಅವರೇ ಇಳಿದು, ಘಾಟಿಯ ಬಸ್ಸಿಗೆ ನಮ್ಮನ್ನು ಹತ್ತಿಸಿದರು. "ಇವರು ಇಳಿದು ವಿಷಯ ಗೊತ್ತಾಗುವ ತನಕ ಬಸ್ಸು ಬಿಡಬೇಡಿ" ಎಂದು ಆ ಡ್ರೈವರಿಗೆ ಹೇಳಿದರು. ಎಲ್ಲಿಗೆ ಹೋಗುತ್ತಿದ್ದೇವೆಂದು ನನಗೆ ಗೊತ್ತಾದದ್ದು ಯಾರೋ "ಕಕ್ಕಿಂಜೆ ಇನ್ನೇನು ಬಂತು" ಎಂದಾಗ. ಹುಚ್ಚಿಯ ಊರು! ನಾನು ಬಸ್ಸಿನ ಕಂಬಿ ಹಿಡಿದು ಕಿರುಚಿಕೊಂಡೆ. "ಬೇಡ, ಹಿಂದೆ ಹೋಗುವ, ನಾನು ನಿಮ್ಮನ್ನು ಅಕ್ಕ ಅಂತ ಕರೀತೇನೆ, ಬೇಡ!" ದೇಜಕ್ಕ ಒಂದು ಕೈಯಲ್ಲಿ ಗೋಪಿಯನ್ನೂ ಇನ್ನೊಂದರಲ್ಲಿ ನನ್ನನ್ನೂ ಅಪ್ಪಿಕೊಂಡರು. ಅವರ ಎದೆ ಢವಢವ ಹೊಡೆದುಕೊಳ್ಳುತ್ತಿದ್ದದ್ದು ನನಗೆ ಕೇಳುತ್ತಿತ್ತು. ನನಗಿಂತ ಅವರಿಗೇ ಹೆಚ್ಚು ಹೆದರಿಕೆಯಾಗಿತ್ತು.

ಬಸ್ಸು ನಿಂತಿತು, ನಿಲ್ಲಿಸಲೇಬೇಕಾಯಿತು. ರಸ್ತೆಯ ನಡುವೆ ಕೆದರಿದ ತಲೆಯ, ಎಲುಬು ಕಾಣುವ ಹೆಂಗಸೊಬ್ಬಳು ಎರಡೂ ಕೈ ಚಾಚಿ ನಿಂತಿದ್ದಳು. ನಾನು ಕಣ್ಣು ಮುಚ್ಚಿ ದೇಜಕ್ಕನ ಸೀರೆಯೊಳಗೆ ಮುಖ ಹುದುಗಿಸಿದೆ.

"ಸರೂ?"

ಆ ಸ್ವರ! ಕಣ್ಣು ಬಿಟ್ಟೆ. ಅದೇ ಹಸಿರು ಸೀರೆ, ಬಣ್ಣ ಹೋಗಿತ್ತು. ನಾನು ಇಳಿದೆನೋ ಬಿದ್ದೆನೋ. ಅವಳು ಮೊದಲು ನನ್ನ ಕೆನ್ನೆಗೆ ಒಂದು ಬಾರಿಸಿದಳು. "ಎಲ್ಲಿ ಸತ್ತಿದ್ದೆ? ಎಲ್ಲಿ ಅವನು? ಕೈ ಬಿಡಬೇಡ ಅಂದಿದ್ದೆನಲ್ಲ!" ಆಮೇಲೆ ರಸ್ತೆಯಲ್ಲೇ ಕುಸಿದು ನನ್ನನ್ನು ಎದೆಗೆ ಒತ್ತಿಕೊಂಡಳು. "ಬಿಡಲಿಲ್ಲ ಅಕ್ಕ, ಬಿಡಲಿಲ್ಲ" ಎಂದು ನಾನು ಬೊಬ್ಬೆ ಹೊಡೆದೆ.

ಗೋಪಿ ಮಾತ್ರ ಬರಲಿಲ್ಲ. ಹುಚ್ಚಿಯ ಕಥೆಯನ್ನು ನಾನು ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದೆ. ದೇಜಕ್ಕನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದು, "ಅಕ್ಕ, ಹೋಗುವ ಅಕ್ಕ" ಎಂದು ಅಳತೊಡಗಿದ. ಅಕ್ಕ ಚಾಚಿದ ಕೈ ಹಾಗೇ ನಿಂತಿತು. ದೇಜಕ್ಕ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ನಾನು ಅಕ್ಕ ಅಲ್ಲ ಮಗಾ. ನಾನು ದೇಜು. ಅಕ್ಕ ಅಗೋ ಅಲ್ಲಿ, ನೋಡು."

ಅವನನ್ನು ಅಕ್ಕನ ಕೈಗೆ ಹಾಕಿ, ಊಟಕ್ಕೆ ನಿಲ್ಲಿ ಎಂದು ಕರೆದರೂ ಕೇಳದೆ, ಬೆಳ್ತಂಗಡಿಗೆ ಹೊರಟ ಇನ್ನೊಂದು ಬಸ್ಸು ಹತ್ತಿ ಕುಳಿತರು. ಬಸ್ಸು ಹೊರಟಿತು. ಗೋಪಿ ಕೈಕಾಲು ಬಡಿಯುತ್ತಾ, "ಅಕ್ಕಾ! ಅಕ್ಕಾ!" ಎಂದು ಕೂಗಿದ.

"ಇಲ್ಲೇ ಇದ್ದೇನೆ ಮಗಾ, ಇಲ್ಲೇ ಇದ್ದೇನೆ" ಎನ್ನುತ್ತಿದ್ದಳು ಅಕ್ಕ. ಅವನು ಕೂಗುತ್ತಿದ್ದದ್ದು ಬಸ್ಸಿನ ಕಡೆ ನೋಡಿಕೊಂಡು. ಕಿಟಕಿಯಲ್ಲಿ ದೇಜಕ್ಕನ ತಲೆ ಕಾಣುತ್ತಿತ್ತು. ಅದು ತಿರುಗಲಿಲ್ಲ.

ಹೊಸಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ಜಂಕ್ಷನ್ನಿನಿಂದ ಗಾಡಿ ಸಿಗುವಾಗ ಎರಡು ದಿನ ಕಳೆದಿತ್ತಂತೆ; ಯಾರಾದರೂ ನಮ್ಮನ್ನು ಊರಿಗೆ ತಲುಪಿಸಿಯಾರೆಂದು ಅಕ್ಕ ಅಲ್ಲಿಗೇ ಬಂದು ಕಾದಿದ್ದಳು. ದೀಪಾವಳಿಯ ಹೊತ್ತಿಗೆ ಅಪ್ಪನೂ ಬಂದರು; ಬಾಬಣ್ಣನ ಕಾರ್ಡು ಅವರಿಗೆ ತಲುಪಿರಲೇ ಇಲ್ಲ. ನಮ್ಮನ್ನು ಊರಲ್ಲಿ ಬಿಟ್ಟು ಅವರು ಹಿಂದಿರುಗಿದ ಮೇಲೆ ಅಕ್ಕ ನಮಗಿಬ್ಬರಿಗೂ ಒಂದು ಕಟ್ಟಪ್ಪಣೆ ಮಾಡಿದಳು: ಇನ್ನು ಮೇಲೆ ಅಕ್ಕ ಎನ್ನಕೂಡದು, ಅಮ್ಮ ಎನ್ನಬೇಕು. ಬಾಯಿ ತಪ್ಪಿದರೆ ಪೆಟ್ಟು. ಗೋಪಿ ಬೇಗ ಕಲಿತ. ನಾನೂ ಕಲಿತೆ. ಆದರೆ ದೇಜಕ್ಕನನ್ನು ಎಷ್ಟು ಸಲ ನೋಡಲು ಹೋದರೂ ಬರಿದೇ 'ಅಕ್ಕ' ಎಂದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಅದು ಕೊಟ್ಟುಬಿಡುವ ಶಬ್ದವಾಗಿರಲಿಲ್ಲ. ನೀವು, ತಾವು ಎಂದೇ ಇಷ್ಟು ವರ್ಷ ಕಳೆದೆ. ಒಮ್ಮೆ ಕೇಳಿದ್ದೆ, ಆ ದಿನ ಯಾಕೆ ತಿರುಗಿ ನೋಡಲಿಲ್ಲವೆಂದು. "ತಿರುಗಿದ್ದರೆ ಇಳಿದುಬಿಡ್ತಿದ್ದೆ ಮಾರಾಯ್ತಿ" ಎಂದು ಎಲೆ ಕತ್ತರಿಸುವುದನ್ನು ಮುಂದುವರಿಸಿದ್ದರು.

ನನ್ನ ತಾಯಿ ಕಳೆದ ಮಳೆಗಾಲದಲ್ಲಿ ಹೋದಳು. ಅದನ್ನು ಹೇಳಲೆಂದೇ ಹೋದ ತಿಂಗಳು ಮೂಡುಬಿದಿರೆಯಲ್ಲಿ ಇಳಿದದ್ದು. ಓಣಿಗೆ ಈಗ ಕಾಂಕ್ರೀಟು ಬಿದ್ದಿದೆ. ದೇಜಕ್ಕ ಬೆನ್ನು ಬಾಗಿ, ಜಗಲಿಯಲ್ಲಿ ಆಚೆ ಮುಖ ಮಾಡಿ ಕುಳಿತಿದ್ದರು. ಕಿವಿ ಪೂರ್ತಿ ಮಂದ, ಹತ್ತು ಸಲ ಕರೆದರೂ ಕೇಳುವುದಿಲ್ಲವೆಂದು ಪಕ್ಕದ ಮನೆಯವರು ಮೊದಲೇ ಹೇಳಿದ್ದರು. ಅಂಗಳದಲ್ಲಿ ನಿಂತೆ. ನನ್ನ ಮೂಗಿನಲ್ಲಿ ಇನ್ನೂ ಆ ಗೋಂದಿನ ವಾಸನೆ ಇತ್ತು.

"ಅಕ್ಕಾ" ಎಂದೆ.

ಅವರು ತಿರುಗಿದರು.